ಒಲೆ ಹಚ್ಚುವ ಮೊದಲು

ಕುರಿಸಾವಾ, ಯಾಮಾಗಾತಾ
ಮಾರ್ಚ್ ೨೩, ೨೦೧೧, ಮಧ್ಯಾಹ್ನ

ಪ್ರೀತಿಯ ನನ್ನವರಿಗೆ,

ಹೇಗಿದ್ದೀರಿ? ಬೆನ್ನುನೋವು ಹೇಗಿದೆ? ಕರೆಂಟಿನ ಕಂಬ ಹತ್ತುವಾಗ ಸೊಂಟಕ್ಕೆ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀರೋ, ಇಲ್ಲ ಎಂದಿನಂತೆ ಅದನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟು ಮರೆತಿದ್ದೀರೋ? ಮರೆತಿದ್ದರೆ ಈಗಲೇ ತೆಗೆದು ಕಟ್ಟಿಕೊಳ್ಳಿ, ನಾನು ಎದುರಿಗೆ ಇಲ್ಲ ಎಂದು ಉದಾಸೀನ ಬೇಡ. ನೀವೆಲ್ಲ ಶಾಲೆಯ ಸಂಗೀತದ ಕೋಣೆಯಲ್ಲಿ ಪಿಯಾನೋ ಪಕ್ಕದಲ್ಲಿ ಸಾಲಾಗಿ ಮಲಗುತ್ತೀರಂತೆ. ಕೊತೊನೆಗೆ ಅದನ್ನು ಹೇಳಿದಾಗಿನಿಂದ ಅಪ್ಪ ಪಿಯಾನೋ ಕಲಿತು ಬರುತ್ತಾರೆ ಎಂದು ಕಾಯುತ್ತಿದ್ದಾಳೆ. ಸಮುದ್ರದ ಗಾಳಿ ನಮ್ಮ ಬೆಟ್ಟದ ಗಾಳಿಗಿಂತ ಕೆಟ್ಟದ್ದು, ಅದು ಬಟ್ಟೆಯೊಳಗೆ ನುಗ್ಗುತ್ತದೆ. ಒದ್ದೆ ಕಾಲುಚೀಲದಲ್ಲಿ ಮಲಗಬೇಡಿ. ಈ ಸಲ ಹೊಸ ಜೊತೆಗಳನ್ನೇ ಕಳಿಸುತ್ತಿದ್ದೇನೆ.

ಕೊತೊನೆ ಚೆನ್ನಾಗಿದ್ದಾಳೆ. ಭೂಕಂಪವಾದ ದಿನ ಬಂದ ಉಬ್ಬಸ ಆಮೇಲೆ ಮತ್ತೆ ಬಂದಿಲ್ಲ, ಆದರೆ ರಾತ್ರಿ ಅವಳ ಎದೆಯಲ್ಲಿ ಸಣ್ಣಗೆ ಸಿಳ್ಳೆ ಕೇಳಿದಾಗೆಲ್ಲ ನಾನು ಎದ್ದು ಕೂರುತ್ತೇನೆ. ಕರೆಂಟು ಬಂದಿದೆ. ಬಂದ ದಿನ ಬೀದಿಯವರೆಲ್ಲ ನಮ್ಮ ಬಾಗಿಲಿಗೆ ಬಂದು ನನಗೆ ಕೈಮುಗಿದರು, ತಂತಿ ಎಳೆದವಳು ನಾನೇ ಎನ್ನುವ ಹಾಗೆ. ಫೋನೂ ಇಲ್ಲಿ ಕೆಲಸ ಮಾಡುತ್ತಿದೆ, ಆದರೆ ನಿಮ್ಮ ಕಡೆ ಫೋನಿನ ಗೋಪುರಗಳು ಬಿದ್ದಿರುವುದರಿಂದ ನಿಮ್ಮ ನಂಬರಿಗೆ ಮಾಡಿದರೆ ಸಂಪರ್ಕವಿಲ್ಲ ಎನ್ನುವ ಅದೇ ಹೆಂಗಸಿನ ದನಿ. ಆ ದನಿ ಕೇಳಿ ಕೇಳಿ ಅವಳ ಮೇಲೆ ನನಗೆ ಸಿಟ್ಟು ಬಂದುಬಿಟ್ಟಿದೆ. ಹಾಗಾಗಿ ಕಂಪನಿಯ ವ್ಯಾನು ಬಟ್ಟೆ ಒಯ್ಯಲು ಬರುವ ದಿನವೇ ನಮಗೆ ಅಂಚೆಯ ದಿನ. ವ್ಯಾನು ಓಡಿಸುವ ಇವಾಬುಚಿಯವರು ಇವತ್ತು ಸಂಜೆಯೊಳಗೆ ಬರುತ್ತಾರೆ, ಅಷ್ಟರಲ್ಲಿ ಇದನ್ನು ಬರೆದು ಮುಗಿಸಬೇಕು.

ಈಗ ಸುದ್ದಿ. ಸುದ್ದಿ ಎಂದರೆ ಹೆದರಿಕೆ. ನಾನು ಹೆದರಿದ್ದೇನೆ. ಭೂಮಿಗಲ್ಲ, ಅದು ನಡುಗಿದರೆ ಮಗುವನ್ನು ಎತ್ತಿಕೊಂಡು ಹೊರಗೆ ಓಡಬಹುದು. ನಮ್ಮ ಮನೆಯೊಳಗೇ ಇರುವ ಪೆಟ್ರೋಲಿಗೆ ಹೆದರಿದ್ದೇನೆ. ಅದನ್ನು ತಂದಿಟ್ಟವರು ನಿಮ್ಮ ಅಪ್ಪ. ಅದು ಯಾವ ಕ್ಯಾನಿನಲ್ಲಿದೆ, ಎಷ್ಟು ಕ್ಯಾನಿನಲ್ಲಿದೆ ಎಂದು ಕೇಳಿದರೆ ಅವರು ಬಾಯಿ ಬಿಡುತ್ತಿಲ್ಲ. ನೀವು ಹೇಳಿದರೆ ಮಾತ್ರ ಕೇಳುತ್ತಾರೆ, ಅದಕ್ಕೇ ಮೊದಲಿನಿಂದ ಬರೆಯುತ್ತೇನೆ.

ನೀವು ಹೋದ ಮೇಲೆ ಊರಿನ ಪಾಡು ನಿಮಗೆ ಗೊತ್ತಿಲ್ಲ. ನಮ್ಮ ಊರಿನ ಬಂಕು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇದ್ದಾಗ ಏನಾಯಿತು ಎನ್ನುವುದನ್ನು ಯಾರೂ ಹೇಳುವುದಿಲ್ಲ. ನೆಲದೊಳಗಿನ ಟ್ಯಾಂಕು ತುಕ್ಕು ಹಿಡಿದು ಸೋರಿ, ಅದರ ಕೆಳಗಿನ ಮನೆಗಳ ಬಾವಿ ನೀರಿಗೆ ಬೆಂಕಿಕಡ್ಡಿ ತೋರಿಸಲೂ ಹೆದರುವ ಹಾಗಾಗಿತ್ತಲ್ಲ. ಆ ಬಾವಿಗಳು ಇವತ್ತಿಗೂ ಮುಚ್ಚಿಯೇ ಇವೆ. ಬಂಕು ಮುಚ್ಚಿತು, ಅದಕ್ಕೂ ಮೊದಲೇ ಎಲ್ಲರ ಮನೆಗೂ ಕಾರು ಬಂತೆಂದು ಬಸ್ಸು ನಿಂತಿತ್ತು. ಈಗ ಅಕ್ಕಿಗೂ ಔಷಧಿಗೂ ಆಸ್ಪತ್ರೆಗೂ ಕಣಿವೆ ದಾಟಿ ಕೆಳಗಿನ ಪೇಟೆಗೆ ಹೋಗಬೇಕು, ಹೋಗಲು ಪೆಟ್ರೋಲ್ ಬೇಕು, ಪೆಟ್ರೋಲಿಗಾಗಿ ಪೆಟ್ರೋಲ್ ಸುಟ್ಟು ಪೇಟೆಗೆ ಹೋಗಬೇಕು. ಅಲ್ಲಿ ಬಂಕಿನ ಸಾಲು ನದಿಯ ಸೇತುವೆಯನ್ನೂ ದಾಟಿ ನಿಲ್ಲುತ್ತಿದೆ. ಸಿಗುವುದು ಒಂದು ಗಾಡಿಗೆ ಸ್ವಲ್ಪವೇ ಸ್ವಲ್ಪ.

ಮಾವ ತಮ್ಮ ಪುಟ್ಟ ಟ್ರಕ್ಕು ತೆಗೆದುಕೊಂಡು ಬೆಳಿಗ್ಗೆ ಕತ್ತಲಲ್ಲೇ ಹೊರಡುತ್ತಿದ್ದರು. ಅವರ ಹಿಂದೆ ಪಕ್ಕದ ಮನೆಯ ಶಿಗೆಮಾತ್ಸು ಅವರ ಕಾರು. ಇಬ್ಬರೂ ಜೊತೆಯಾಗಿ ಸಾಲಲ್ಲಿ ನಿಂತು, ಅನ್ನದ ಉಂಡೆ ಹಂಚಿಕೊಂಡು ತಿಂದು, ಬೈದಾಡಿಕೊಂಡು ಬರುತ್ತಿದ್ದರು. ಒಂದು ದಿನ ಹಿಮ ಜೋರಾಗಿ ಬಿತ್ತು. ಶಿಗೆಮಾತ್ಸು ಚಳಿಗೆ ಎಂಜಿನ್ ಆರಿಸದೆ ಕಿಟಕಿ ಮುಚ್ಚಿಕೊಂಡು ನಿದ್ದೆ ಹೋಗಿದ್ದಾರೆ. ಹಿಂದೆ ಹೊಗೆ ಕೊಳವೆಯನ್ನು ಹಿಮ ಮುಚ್ಚಿದೆ, ಹೊಗೆಯೆಲ್ಲ ಒಳಗೇ ತಿರುಗಿದೆ. ಸಾಲು ಮುಂದೆ ಹೋದರೂ ಕಾರು ಅಲುಗಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು, ಮಾವ ಬೈಯಲು ಇಳಿದು ಹೋಗಿ ಬಾಗಿಲು ತೆಗೆದರು. ಜೀವ ಉಳಿದಿದೆ. ಆದರೆ ಆಸ್ಪತ್ರೆಯಲ್ಲಿ ಹೆಂಡತಿಯನ್ನು ನೋಡಿ ನೀವು ಯಾರ ಮನೆಯವರು ಎಂದು ಮರ್ಯಾದೆಯಾಗಿ ಕೇಳುತ್ತಾರಂತೆ. ಬಾಗಿಲು ತೆಗೆದಾಗ ಅವರ ಕೆನ್ನೆ ಚೆರಿ ಹಣ್ಣಿನ ಹಾಗೆ ಕೆಂಪಾಗಿತ್ತು, ಆರೋಗ್ಯವಾಗಿ ಕಂಡರು ಎಂದು ಮಾವ ಮತ್ತೆ ಮತ್ತೆ ಹೇಳಿದರು. ಆವತ್ತಿನಿಂದ ಅವರು ಸಾಲಿಗೆ ಹೋಗಲಿಲ್ಲ.

ಅಲ್ಲಿಯವರೆಗೆ ಅವರು ಮಾಡಿದ್ದೇನು ಎಂದು ನನಗೆ ಗೊತ್ತಿರಲಿಲ್ಲ. ಪ್ರತಿ ಸಲ ಪೆಟ್ರೋಲ್ ಹಾಕಿಸಿಕೊಂಡು ಬಂದು, ಟ್ರಕ್ಕಿನ ಟ್ಯಾಂಕಿನಿಂದ ಅದನ್ನು ಸೀಮೆಎಣ್ಣೆಯ ಕೈಪಂಪಿನಿಂದಲೇ ಎಳೆದು ಕ್ಯಾನಿಗೆ ತುಂಬಿ, ಮರುದಿನ ಖಾಲಿ ಟ್ಯಾಂಕು ತೋರಿಸಿ ಮತ್ತೆ ಸಾಲಿಗೆ ನಿಲ್ಲುತ್ತಿದ್ದರು. ಟ್ರಕ್ಕಿನಲ್ಲೇ ಬಿಟ್ಟರೆ ಕಳ್ಳರು ಹೀರಿಕೊಂಡು ಹೋಗುತ್ತಾರೆ ಎಂಬ ಮಾತು ಊರಲ್ಲೆಲ್ಲ ಇದೆ. ಪೆಟ್ರೋಲಿನ ತಗಡಿನ ಡಬ್ಬ ನಮ್ಮಲ್ಲಿ ಇರಲಿಲ್ಲ. ಹಾಗಾಗಿ ಸೀಮೆಎಣ್ಣೆಯ ಕೆಂಪು ಕ್ಯಾನುಗಳಿಗೇ ತುಂಬಿದ್ದಾರೆ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಡುವ ಕಡೆ, ಎಡಗಡೆ ಪೆಟ್ರೋಲ್, ಬಲಗಡೆ ಸೀಮೆಎಣ್ಣೆ, ಇದು ಅವರ ಲೆಕ್ಕ. ಅದನ್ನು ಅವರು ತಮ್ಮ ತಲೆಯಲ್ಲಿ ಮಾತ್ರ ಬರೆದಿಟ್ಟುಕೊಂಡಿದ್ದರು. ನಮ್ಮ ಕಡೆ ಕೆಂಪು ಕ್ಯಾನು ಎಂದರೆ ಸೀಮೆಎಣ್ಣೆ, ಹುಟ್ಟಿದ ಮಗುವಿಗೂ ಗೊತ್ತು. ಈ ಬರಗಾಲದಲ್ಲೂ ಮನೆ ಬೆಚ್ಚಗಿಡಲು ಇಷ್ಟು ಕೂಡಿಸಿದ್ದಾರಲ್ಲ ಎಂದು ನಾನು ಆ ಸಾಲು ನೋಡಿದಾಗೆಲ್ಲ ಮನಸ್ಸಿನಲ್ಲೇ ಅವರಿಗೆ ನಮಸ್ಕರಿಸುತ್ತಿದ್ದೆ.

ಆಮೇಲೆ ಒಂದು ಮಧ್ಯಾಹ್ನ ಮತ್ತೆ ಭೂಮಿ ನಡುಗಿತು. ಮಾವ ದೇವರಗೂಡು ಹಿಡಿದುಕೊಂಡು ನಿಂತಿದ್ದರು, ನಾನು ಮಗುವಿನ ಮೇಲೆ ಬಿದ್ದುಕೊಂಡಿದ್ದೆ. ನಿಂತ ಮೇಲೆ ನೋಡಿದರೆ ಬಾಗಿಲ ಬಳಿ ಚಪ್ಪಲಿ, ಕೊಡೆ, ಕ್ಯಾನು ಎಲ್ಲ ಉರುಳಿ ಒಂದಾಗಿದ್ದವು. ನಾನು ಒಳ್ಳೆಯ ಸೊಸೆಯ ಹಾಗೆ ಗುಡಿಸಿ, ಕ್ಯಾನುಗಳನ್ನು ಎತ್ತಿ, ಚಂದವಾಗಿ ಸಾಲಾಗಿ ನಿಲ್ಲಿಸಿದೆ. ಮಾವ ಬರುವಷ್ಟರಲ್ಲಿ ಸಾಲು ಮೊದಲಿನ ಹಾಗೇ ಕಾಣುತ್ತಿತ್ತು. ಕ್ಯಾನುಗಳು ಬಿದ್ದಿದ್ದನ್ನು ಅವರು ನೋಡಿರಲೇ ಇಲ್ಲ.

ಮೊನ್ನೆ ಬೆಳಿಗ್ಗೆ ನಾನು ಮಿಸೊ ಸಾರಿಗೆ ಮೂಲಂಗಿ ಹೆಚ್ಚುತ್ತಿದ್ದೆ. ಮಾವ ಕೋಣೆ ಕಾಯಿಸುವ ಸೀಮೆಎಣ್ಣೆ ಒಲೆಯ ಟ್ಯಾಂಕು ತುಂಬಿ ತಂದು ಕೂರಿಸಿ ಕೈತೊಳೆಯಲು ಹೋದರು. ಒಲೆ ಹಚ್ಚುವುದು ಕೊತೊನೆಯ ಕೆಲಸ, ನೀವೇ ಕೊಟ್ಟ ಪಟ್ಟ. ಆ ಗುಂಡಿಯನ್ನು ಬೇರೆ ಯಾರೂ ಮುಟ್ಟಬಾರದು. ಅವಳು ಒಲೆಯ ಮುಂದೆ ಮಂಡಿಯೂರಿ ಕೂತಿದ್ದಳು. ಪೆಟ್ರೋಲಿನ ವಾಸನೆ ಬರುತ್ತಿತ್ತು, ನಿಜ. ಆದರೆ ಅದು ಮಾವನ ಕೋಟಿನಿಂದ ಎಷ್ಟೋ ದಿನದಿಂದ ಬರುತ್ತಲೇ ಇತ್ತು, ನನ್ನ ಮೂಗು ಅದಕ್ಕೆ ಹೊಂದಿಕೊಂಡುಬಿಟ್ಟಿತ್ತು. ಒಲೆಯ ತಟ್ಟೆಯ ಮೇಲೆ ಚೆಲ್ಲಿದ್ದನ್ನು ನಾನು ಬಟ್ಟೆಯಲ್ಲಿ ಒರೆಸಿದೆ. ತೊಳೆಯೋಣವೆಂದು ಅಡುಗೆಮನೆಯ ತೊಟ್ಟಿಯ ಹತ್ತಿರ ಹೋಗುವಷ್ಟರಲ್ಲಿ ಬಟ್ಟೆ ಒಣಗಿತ್ತು. ಕೈ ಹಿಮ ಮುಟ್ಟಿದಂತೆ ತಣ್ಣಗಾಗಿತ್ತು. ಸೀಮೆಎಣ್ಣೆ ಹಾಗೆ ಒಣಗುವುದಿಲ್ಲ, ಅದು ಸಂಜೆಯವರೆಗೂ ಕೈಯಲ್ಲಿ ಜಿಡ್ಡಾಗಿ ಕೂರುತ್ತದೆ. ನಾನು ಏನು ಕೂಗಿದೆನೋ ನೆನಪಿಲ್ಲ. ಓಡಿಬಂದಾಗ ಮಗುವಿನ ಬೆರಳು ಗುಂಡಿಯ ಮೇಲೆ ಇತ್ತು. ಅವಳನ್ನು ಕೂದಲು ಹಿಡಿದು ಎಳೆದುಬಿಟ್ಟೆ. ಕೈಗೆ ಸಿಕ್ಕಿದ್ದು ಕೂದಲೇ. ಅವಳು ಅತ್ತಿದ್ದಕ್ಕಿಂತ ಹೆಚ್ಚು ನಾನು ಅತ್ತೆ.

ಒಲೆಯನ್ನು ಹೊರಗೆ ಹಿಮದಲ್ಲಿ ಎಸೆದು ಬಂದು, ಭೂಮಿ ನಡುಗಿದಾಗ ಉರುಳಿದ ಕ್ಯಾನುಗಳನ್ನು ನಾನೇ ಜೋಡಿಸಿಟ್ಟೆ, ಅದರಲ್ಲಿ ಪೆಟ್ರೋಲ್ ಹೇಗೆ ಬಂತು ಎಂದು ಮಾವನನ್ನು ಕೇಳಿದೆ. ನಾನು ಅವರೆದುರು ದನಿಯೆತ್ತಿದ್ದು ಅದೇ ಮೊದಲು. ಅವರು ಮೊದಲು ನನ್ನನ್ನೇ ಗದರಿದರು. ಕ್ಯಾನುಗಳನ್ನು ಯಾಕೆ ಮುಟ್ಟಿದೆ, ನನ್ನ ಸಾಲು ನನಗೆ ಗೊತ್ತಿತ್ತು ಎಂದರು. ಆಮೇಲೆ ಮಗುವನ್ನು ನೋಡಿ ದನಿ ಇಳಿಯಿತು. “ಮಗೂಗೆ ರಾತ್ರಿ ಉಸಿರು ಕಟ್ಟಿದ್ರೆ ಏನ್ಮಾಡ್ತೀಯ ಹೇಳು. ಬೆನ್ನ ಮೇಲೆ ಹೊತ್ಕೊಂಡು ಕಣಿವೆ ದಾಟ್ತೀಯಾ? ಆಂಬುಲೆನ್ಸು ಬರಲ್ಲ, ಅವ್ರಿಗೂ ಪೆಟ್ರೋಲಿಲ್ಲ. ಅದು ನಮ್ಮ ಕೊತೊನೆದು, ಅದನ್ನ ಮುಟ್ಟೋಕೆ ನಾನು ಬಿಡಲ್ಲ.” ಅವರು ಹೇಳುವುದು ಸುಳ್ಳಲ್ಲ. ಕಣಿವೆ ದಾಟಲು ಪೆಟ್ರೋಲ್ ಇಲ್ಲದಿದ್ದರೂ ಮಗುವಿನ ಜೀವ ಹೋಗುತ್ತದೆ, ಮನೆಯಲ್ಲಿ ಇದ್ದರೂ ಹೋಗುತ್ತದೆ ಎನ್ನುವ ಹಾಗಾಗಿದೆ ನನ್ನ ಸ್ಥಿತಿ.

ಇನ್ನೊಂದು ವಿಷಯ ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ತುಂಬುವಾಗ ನಿಮಗೆ ವಾಸನೆ ಬರಲಿಲ್ಲವೇ ಎಂದು ಮಾವನನ್ನು ಕೇಳಿದೆ. ಸೀಮೆಎಣ್ಣೆ ವಾಸನೆಯೇ ಬಂತು ಎಂದರು. ನಿನ್ನೆ ಹಿತ್ತಲ ಶೆಡ್ಡಿನಲ್ಲಿ ಮೀನು ತಳ ಹಿಡಿದು ಕರಕಲಾಗಿ, ವಾಸನೆ ಮನೆಯೆಲ್ಲ ತುಂಬಿ ನಾನೂ ಮಗುವೂ ಕೆಮ್ಮುತ್ತಿದ್ದರೆ ಅವರು ಮೆಟ್ಟಿಲ ಮೇಲೆ ಕೂತು, ಇವತ್ತು ಮೀನು ಇಲ್ಲವೇನಮ್ಮಾ ಎಂದು ಕೇಳಿದರು. ಅವರಿಗೆ ಮೂಗೇ ಸತ್ತುಹೋಗಿದೆ. ಚಳಿಗಾಲದ ಶೀತದಿಂದಲೇ ಹೀಗಿದೆಯೇನೋ, ಅದಕ್ಕೇ ಉಪ್ಪಿನಕಾಯಿಗೆ ಈ ವರ್ಷ ರುಚಿಯಿಲ್ಲ ಎಂದು ನನ್ನನ್ನು ಹಂಗಿಸುತ್ತಿದ್ದದ್ದು. ನಾನು ಗೊತ್ತಾದಂತೆ ತೋರಿಸಿಕೊಳ್ಳಲಿಲ್ಲ. ನನಗೆ ಗೊತ್ತಾಗಿದೆ ಎಂದು ಅವರಿಗೂ ಗೊತ್ತಾಗಿದೆ. ಪಾಪ ಎನ್ನಿಸುತ್ತದೆ, ಮರುಕ್ಷಣವೇ ಮಗುವನ್ನು ಹತ್ತಿರ ಎಳೆದುಕೊಳ್ಳುತ್ತೇನೆ.

ಮೊನ್ನೆಯಿಂದ ಮನೆಯಲ್ಲಿ ಬೆಂಕಿಯಿಲ್ಲ. ಗ್ಯಾಸಿನ ಅಡುಗೆಯನ್ನು ಹಿತ್ತಲ ಶೆಡ್ಡಿನಲ್ಲಿ ಬಾಗಿಲು ತೆರೆದಿಟ್ಟು ಮಾಡುತ್ತೇನೆ. ಕೋಟು ಹಾಕಿಕೊಂಡೇ ಮಲಗುತ್ತೇವೆ. ಹೊದಿಕೆ ಹಾಕಿದ ಕರೆಂಟಿನ ಮೇಜಿನ ಕೆಳಗೆ ಕಾಲಿಟ್ಟರೆ ಬೆಚ್ಚಗಾಗುತ್ತದೆ, ಆದರೆ ಅದರ ಸ್ವಿಚ್ಚು ಹಾಕುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಮಗುವಿನ ಉಣ್ಣೆ ಅಂಗಿ ತಲೆಯ ಮೇಲಿಂದ ಎಳೆಯುವಾಗ ಚಟಪಟ ಕಿಡಿ ಹಾರುತ್ತದಲ್ಲ, ಅದಕ್ಕೂ ಹೆದರಿ ಎರಡು ದಿನದಿಂದ ಅವಳ ಅಂಗಿ ಬದಲಾಯಿಸಿಲ್ಲ. ನಗಬೇಡಿ. ಕ್ಯಾನುಗಳನ್ನು ಹೊರಗೆ ಸಾಗಿಸೋಣವೆಂದರೆ ಮಾವ ಮೆಟ್ಟಿಲ ಮೇಲೆ ಅವುಗಳಿಗೆ ಬೆನ್ನು ಕೊಟ್ಟು ಕೂತುಬಿಟ್ಟಿದ್ದಾರೆ, ಊಟವೂ ಅಲ್ಲೇ. ಹೊರಗಿಟ್ಟರೆ ಕದಿಯುತ್ತಾರೆ ಎನ್ನುವುದೊಂದೇ ಮಾತು. ಬೆಳಗಾಗುವಾಗ ನೋಡಿದರೆ ಗೋಡೆಗೆ ಒರಗಿ ಬಾಯಿ ತೆರೆದು ನಿದ್ದೆ ಹೋಗಿರುತ್ತಾರೆ. ಅವರಿಗೆ ಹೊದಿಸಿ ಬರುತ್ತೇನೆ, ಆಗ ಕ್ಯಾನುಗಳು ಅವರ ಹಿಂದೆ ಎಲ್ಲವೂ ಒಂದೇ ಥರ ಕೆಂಪಗೆ ಕಾಣುತ್ತವೆ.

ಆದ್ದರಿಂದ ದಯಮಾಡಿ ನಿಮ್ಮ ಅಪ್ಪನಿಗೆ ನಿಮ್ಮ ಕೈಯಲ್ಲೇ ಒಂದು ಮಾತು ಬರೆದು ಕಳಿಸಿ. ಬೈಯಬೇಡಿ. ಅವರು ಹೆದರಿದ್ದಾರೆ, ನನಗಿಂತ ಹೆಚ್ಚು. ಶಿಗೆಮಾತ್ಸು ಅವರ ಕಾರಿನ ಬಾಗಿಲು ತೆಗೆದದ್ದು ಅವರ ಕೈ. ಪೆಟ್ರೋಲನ್ನು ಚೆಲ್ಲಿ ಎಂದು ಹೇಳಿದರೆ ಕೇಳುವುದಿಲ್ಲ. ಮನೆಯಿಂದ ದೂರ, ಹೊಲದ ಆಚೆಯ ನೇಗಿಲ ಗುಡಿಸಲಿಗೆ ಸಾಗಿಸಿ ಬೀಗ ಹಾಕಿ, ಬೀಗದ ಕೈ ನೀವೇ ಇಟ್ಟುಕೊಳ್ಳಿ ಎಂದು ಬರೆಯಿರಿ. ಬೀಗದ ಕೈ ಅವರದ್ದಾದರೆ ಒಪ್ಪಬಹುದು.

ಚೀಲದಲ್ಲಿ ಕಾಲುಚೀಲ, ಒಳಅಂಗಿ, ಒಣಗಿಸಿದ ಕಾಕಿ ಹಣ್ಣು, ಮೂಲಂಗಿ ಉಪ್ಪಿನಕಾಯಿ ಇವೆ. ಕಾಕಿ ಹಣ್ಣನ್ನು ನಿಮ್ಮ ಜೊತೆಯವರಿಗೂ ಕೊಡಿ, ಒಬ್ಬರೇ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡಿ. ಕೊತೊನೆ ನಿಮಗೆಂದು ಪಿಯಾನೋ ಚಿತ್ರ ಬರೆದಿದ್ದಾಳೆ, ಅದಕ್ಕೆ ಕಾಲು ಆರು. ಎಲ್ಲಿದ್ದರೂ ಪೂರ್ವಿಕರ ಕಣ್ಣು ನಿಮ್ಮ ಮೇಲಿರಲಿ, ಕಂಬದ ಮೇಲೆ ಕಾಲು ಗಟ್ಟಿಯಾಗಿರಲಿ. ದಿನಾ ಬೆಳಿಗ್ಗೆ ಅವರ ಮುಂದೆ ಅನ್ನ ಇಟ್ಟು ನಿಮ್ಮ ಹೆಸರು ಹೇಳುತ್ತಿದ್ದೇನೆ.

ನಿಮ್ಮ
ಚಿಗುಸಾ

ತಾ.ಕ.: ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡಿ. ಇವಾಬುಚಿಯವರು ಈಗ ಬಂದರು. ಬಟ್ಟೆಚೀಲ ತೆಗೆದುಕೊಳ್ಳುತ್ತಾ ಮಾವನಿಗೆ, “ಕಳೆದ ಸಲ ತಾವು ಕೊಟ್ಟ ಸೀಮೆಎಣ್ಣೆ ಕ್ಯಾನಿಗೆ ನಿಮ್ಮ ಮಗ, ಜೊತೆಯವ್ರು ಎಲ್ಲಾ ತುಂಬಾ ಖುಷಿಪಟ್ರು. ಜೋಪಾನ ಮಾಡಿ ಎತ್ತಿಟ್ಟಿದಾರೆ. ಅವ್ರ ಹತ್ರ ಇದ್ದದ್ದು ಇವತ್ತಿಗೆ ಮುಗಿಯುತ್ತೆ, ಇನ್ನು ಅದೇ ಗತಿ” ಎಂದರು. ನನಗೆ ಇದು ಗೊತ್ತೇ ಇರಲಿಲ್ಲ. ನಾನು ಒಳಗೆ ಬಟ್ಟೆ ಮಡಿಸುತ್ತಿದ್ದಾಗ, ತಂಡದವರಿಗೆ ಬರಿಗೈಯಲ್ಲಿ ಕಳಿಸಬಾರದು ಎಂದು ಮಾವ ತಾವೇ ಒಂದು ಕ್ಯಾನು ವ್ಯಾನಿಗೆ ಏರಿಸಿದ್ದಾರೆ. ಅದು ಭೂಮಿ ನಡುಗಿ ಕ್ಯಾನುಗಳು ಉರುಳಿದ ಮರುದಿನ. ಯಾವ ಕಡೆಯದು ಕೊಟ್ಟಿರಿ ಎಂದು ಕೇಳಿದೆ. ಬಲಗಡೆಯದು ಎಂದರು, ಎಂದವರೇ ಹಿಮದಲ್ಲಿ ಕೂತುಬಿಟ್ಟರು.

ಕ್ಯಾನುಗಳನ್ನೆಲ್ಲ ಹೊರಗೆ ಎಳೆದು ಒಂದೊಂದಕ್ಕೂ ಬೆರಳು ಅದ್ದಿ ನೋಡಿದೆವು. ಮಾವನ ಲೆಕ್ಕಕ್ಕೆ ಪೆಟ್ರೋಲಿನದು ಒಂದು ಕಡಿಮೆ ಇದೆ. ಅದು ನಿಮ್ಮ ಹತ್ತಿರ ಇದೆ. ಕಂಪನಿಯ ಕಚೇರಿಗೆ ಮಾಡಿದರೆ ಫೋನು ಬಿಡುವೇ ಇಲ್ಲ, ಮತ್ತೆ ಮತ್ತೆ ಮಾಡುತ್ತಲೇ ಇರುತ್ತೇನೆ. ಇವಾಬುಚಿಯವರು ಪೇಟೆಯ ಬಂಕಿನ ಸಾಲಿನಲ್ಲಿ ನಿಂತು, ನಾಳೆ ಹೊರಡುವುದು ಎಂದರು, ಅವರ ಟ್ಯಾಂಕು ಖಾಲಿ. ಮಾವ ಎದ್ದು, ಕೊತೊನೆಗೆಂದು ಇಟ್ಟಿದ್ದನ್ನು ಕ್ಯಾನು ಕ್ಯಾನೇ ಅವರ ವ್ಯಾನಿಗೆ ಸುರಿದರು. ಒಂದು ಹನಿ ಉಳಿಸಲಿಲ್ಲ. ಈಗ ಮನೆಯ ಚಪ್ಪಲಿಯಲ್ಲೇ ವ್ಯಾನು ಹತ್ತಿ ಕೂತಿದ್ದಾರೆ, ಈ ಕಾಗದ ಅವರ ಕೈಯಲ್ಲೇ ಬರುತ್ತದೆ. ಎಲ್ಲಿಯೂ ನಿಲ್ಲಿಸುವುದಿಲ್ಲ, ಕತ್ತಲಾಗುವ ಮೊದಲು ಮುಟ್ಟುತ್ತೇವೆ ಎನ್ನುತ್ತಿದ್ದಾರೆ. ರಸ್ತೆ ಹೇಗಿದೆಯೋ ದೇವರೇ ಬಲ್ಲ.

ನೀವು ಯಾವಾಗಲೂ ಮೊದಲು ಒಲೆ ಹಚ್ಚಿ, ಕೈ ಕಾಯಿಸಿಕೊಂಡು, ಆಮೇಲೆ ಕಾಗದ ಒಡೆಯುವವರು. ಈ ಒಂದು ಸಲ ಚಳಿಯಲ್ಲೇ ನಿಂತು ಓದಿ. ಮಗುವಿಗೆ ಇವತ್ತು ರಾತ್ರಿ ಉಬ್ಬಸ ಬಂದರೆ ನಮ್ಮಲ್ಲಿ ಇನ್ನು ಏನೂ ಇಲ್ಲ, ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀವು ಒಲೆ ಹಚ್ಚಬೇಡಿ.